ಕೋವಿ, ಮನೆತನ ಮತ್ತು ಪೇಟೆಯ ಅಂಗಡಿ: ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯ ಒಂದು ನಂಟಿನ ವಿವೇಚನೆ

ಮಲೆನಾಡಿನ ಕೃಷಿಕ ಮನೆತನಗಳ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಭೂದಾಖಲೆ, ಗೇಣಿಯ ಲೆಕ್ಕ, ದೇವಸ್ಥಾನದ ಹಕ್ಕುಗಳು ಹಾಗೂ ವಂಶಾವಳಿಗಳನ್ನು ಆಕರಗಳಾಗಿ ಬಳಸಿಕೊಂಡು ಬಂದಿದ್ದೇವೆ. ಈ ಸೀಮೆಯ ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದ ಇನ್ನೊಂದು ವಸ್ತುವಿದೆ, ಅದು ಕೋವಿ. ಅದರ ಬೆನ್ನ ಹಿಂದೆಯೇ ಸಾಗಿ ಬಂದ ಇನ್ನೊಂದು ಸಂಬಂಧವಿದೆ. ಅದು ಪೇಟೆಯ ಸಣ್ಣ ಬಂದೂಕು ಅಂಗಡಿಯೊಡನೆ ಮನೆತನವು ಇಟ್ಟುಕೊಂಡ ನಂಟು. ಅಜ್ಜ ತೋಟಾ ಕೊಂಡ ಅಂಗಡಿಯಲ್ಲಿಯೇ ಮೊಮ್ಮಗನೂ ಕೊಳ್ಳುವ ಈ ರೂಢಿಯನ್ನು ಕೇವಲ ಗಿರಾಕಿತನವೆಂದು ಬದಿಗೆ ಸರಿಸುವಂತಿಲ್ಲ. ಈ ನಿಷ್ಠೆ ಹೇಗೆ ಹುಟ್ಟಿತು, ಯಾವುದರ ಆಧಾರದ ಮೇಲೆ ನಿಂತಿತು, ಅದು ಮುರಿದರೆ ನಷ್ಟವಾಗುವುದೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಿವೇಚನೆಯ ಕ್ಷೇತ್ರ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹಳಿಯಾಳ, ದಾಂಡೇಲಿ ಹಾಗೂ ಜೋಯಿಡಾ ಭಾಗ. ದೀಪನಾಥೇಶ್ವರ ದೇವಾಲಯದಿಂದ ಹೆಸರಾದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಊರನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಒಂದು ಕಡೆ ಬಯಲು, ಇನ್ನೊಂದು ಕಡೆ ಕಾಡು ಇರುವ ಈ ಅರೆಮಲೆನಾಡಿನಲ್ಲಿ ಭತ್ತ ಮತ್ತು ಗೋವಿನಜೋಳ ಮುಖ್ಯ ಬೆಳೆಗಳು. ಹೊಲದ ಅಂಚಿನಲ್ಲಿಯೇ ಅಡವಿ ಆರಂಭವಾಗುವುದರಿಂದ ಬೆಳೆಯುವುದೆಷ್ಟು ಮುಖ್ಯವೋ ಬೆಳೆದುದನ್ನು ಕಾಯುವುದೂ ಅಷ್ಟೇ ಮುಖ್ಯ.

ಪದ ಮತ್ತು ವಸ್ತು

ಕನ್ನಡದಲ್ಲಿ ಈ ಆಯುಧಕ್ಕಿರುವ ಹೆಸರುಗಳೇ ಅದರ ಚರಿತ್ರೆಯನ್ನು ಸೂಚಿಸುತ್ತವೆ. ‘ಬಂದೂಕು’ ಪಾರಸಿ-ಅರಬ್ಬಿ ಮೂಲದಿಂದಲೂ ‘ತುಪಾಕಿ’ ತುರುಕಿ ಮೂಲದಿಂದಲೂ ಬಂದವು. ಕೊಳವೆ ಎಂಬ ಅರ್ಥವನ್ನೂ ಉಳ್ಳ ‘ಕೋವಿ’ ಮಾತ್ರ ದ್ರಾವಿಡ ಮೂಲದ ಪದ. ಮಲೆನಾಡಿನ ಆಡುಮಾತಿನಲ್ಲಿ ಕೋವಿಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುವುದು ವಾಡಿಕೆ. ನಳಿಗೆಯ ಬಾಯಿಯಿಂದ ಮದ್ದು ಮತ್ತು ಚರೆಯನ್ನು ಸುರಿದು, ಗಜದಿಂದ ಜಡಿದು, ಕೇಪು ಇಟ್ಟು ಹಾರಿಸುವುದು ಕೇಪಿನ ಕೋವಿ. ಹಿಂಭಾಗವನ್ನು ಮಡಚಿ ತೋಟಾ ಹಾಕುವುದು ತೋಟಾ ಕೋವಿ. ಇದರಲ್ಲಿ ಒಂಟಿನಳಿಗೆ, ಜೋಡುನಳಿಗೆ ಎಂಬ ಭೇದಗಳುಂಟು. ಕೇಪಿನ ಕೋವಿ ಬಡವನದು, ಜೋಡುನಳಿಗೆ ಉಳ್ಳವನದು ಎಂಬ ಅಂತರವೂ ಈ ವಿಂಗಡಣೆಯೊಳಗೆ ಅಡಗಿದೆ.

ಕೋವಿಯ ಉಪಯೋಗವೆಂದರೆ ಬೇಟೆಯೆಂಬ ಭಾವನೆ ಸಾಮಾನ್ಯ. ಆದರೆ ಕೃಷಿಕನ ಕೋವಿಗೆ ಕೊಲ್ಲುವುದಕ್ಕಿಂತ ಸದ್ದು ಮಾಡುವ ಕೆಲಸವೇ ಹೆಚ್ಚು. ಮಾಳದ ಮೇಲೆ ಕುಳಿತು ಇರುಳೆಲ್ಲ ಕಾವಲು ಕಾಯುವವನು ಹಂದಿಯ ಹಿಂಡು ಗದ್ದೆಗೆ ಇಳಿಯುವ ಸುಳಿವು ಸಿಕ್ಕಿದಾಗ ಒಂದು ಈಡು ಹಾರಿಸಿದರೆ ಸಾಕು. ದಾಂಡೇಲಿ ಕಡೆಯ ಕಾಡಿನಿಂದ ಹೊರಡುವ ಆನೆಗಳು ಸುಗ್ಗಿಯ ಹೊತ್ತಿಗೆ ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಭತ್ತ ಮತ್ತು ಗೋವಿನಜೋಳದ ಹೊಲಗಳಿಗೆ ಬರುವುದು ಪ್ರತಿವರ್ಷದ ಅನುಭವ. ಡಬ್ಬ ಬಡಿಯುವುದು, ಪಟಾಕಿ ಹಚ್ಚುವುದು, ಬೆಂಕಿ ಹಾಕುವುದು ಮೊದಲಾದ ಉಪಾಯಗಳ ಸಾಲಿನಲ್ಲಿ ಕೋವಿಯ ಸದ್ದೂ ಒಂದು.

ಆಯುಧಕ್ಕೆ ಕಾಗದ ಅಂಟಿಕೊಂಡ ಬಗೆ

ಅಂಗಡಿಯ ಪಾತ್ರವನ್ನು ತಿಳಿಯಬೇಕಾದರೆ ಮೊದಲು ಕೋವಿಗೂ ಪ್ರಭುತ್ವಕ್ಕೂ ನಡುವಣ ಸಂಬಂಧವನ್ನು ಗಮನಿಸಬೇಕು. 1857ರ ಬಂಡಾಯದ ಸಂದರ್ಭದಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ನೋಂದಾಯಿಸುವ ಹಾಗೂ ಕಿತ್ತುಕೊಳ್ಳುವ ಕ್ರಮಕ್ಕೆ ಕೈಹಾಕಿದರು. ಇದಕ್ಕೆ ಉತ್ತರ ಕರ್ನಾಟಕದಲ್ಲಿ ತೀವ್ರ ಪ್ರತಿಭಟನೆ ಬಂದುದು ಅಂದಿನ ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯಿಂದ. ಆಯುಧವನ್ನು ಒಪ್ಪಿಸಲು ನಿರಾಕರಿಸಿದ ಅಲ್ಲಿಯ ಬೇಡರ ಮೇಲೆ 1857ರ ನವೆಂಬರಿನಲ್ಲಿ ಸೈನ್ಯ ನುಗ್ಗಿತು; ಊರಿಗೆ ಬೆಂಕಿ ಬಿದ್ದಿತು; ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಪ್ರಸಂಗವನ್ನು ಹಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದುದು ಜಾನಪದ ವಿದ್ವಾಂಸರಿಗೆ ತಿಳಿದ ಸಂಗತಿ. ಮರುವರ್ಷ, ಅಂದರೆ 1858ರಲ್ಲಿ, ನಮ್ಮ ವಿವೇಚನೆಯ ಸೀಮೆಯಲ್ಲಿಯೇ ಸೂಪಾ ಭಾಗದ ಬಂಡಾಯ ತಲೆಯೆತ್ತಿತು. ಗೋವೆಯ ಗಡಿಯ ಕಾಡನ್ನು ಆಶ್ರಯಿಸಿದ ಆ ಹೋರಾಟದಲ್ಲಿ ಫಡ್ನೀಸ್ ಸೋದರರ ಜೊತೆಗೆ ಸಿದ್ದಿ ಸಮುದಾಯದ ಬಸ್ತ್ಯಾಂವನ ಹೆಸರೂ ಕೇಳಿಬರುತ್ತದೆ.

ಈ ಹಿನ್ನೆಲೆಯಲ್ಲಿ ಬಂದ 1878ರ ಶಸ್ತ್ರ ಕಾಯಿದೆಯು ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ನಿರ್ಬಂಧ ಎಂಬ ಭೇದ ಅದರಲ್ಲಿ ಎದ್ದು ಕಾಣುತ್ತಿತ್ತು. ಸ್ವಾತಂತ್ರ್ಯಾನಂತರ ರೂಪುಗೊಂಡ 1959ರ ಶಸ್ತ್ರ ಕಾಯಿದೆಯು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಈ ಕಾಯಿದೆಯ 13ನೆಯ ಪ್ರಕರಣವು ಕೃಷಿಕನ ದೃಷ್ಟಿಯಿಂದ ಮಹತ್ವದ್ದು. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ, ರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಕೋವಿಯನ್ನೂ ಕೇಳುವ ನಾಗರಿಕನಿಗೆ, ನಿರಾಕರಿಸಲು ಕಾಯಿದೆಯಲ್ಲಿ ಹೇಳಿದ ಕಾರಣಗಳು ಇಲ್ಲದಿದ್ದರೆ, ಪರವಾನಗಿ ನೀಡತಕ್ಕದ್ದೆಂದು ಅದು ವಿಧಿಸುತ್ತದೆ. ಅಂದರೆ ಬೆಳೆಯ ಕಾವಲಿಗೆ ಕೋವಿ ಬೇಕೆಂಬ ಮಾತನ್ನು ಶಾಸನವೇ ಒಪ್ಪಿಕೊಂಡಂತಾಯಿತು.

ಹೀಗೆ ಮನೆಯ ಗೋಡೆಯ ಮೇಲಿದ್ದ ಕೋವಿಗೆ ಒಂದು ಕಾಗದ ಅಂಟಿಕೊಂಡಿತು. ಕೋವಿಯ ಸಂಖ್ಯೆ, ಒಡೆಯನ ಹೆಸರು, ಪರವಾನಗಿಯ ಅವಧಿ, ಕೊಳ್ಳಬಹುದಾದ ತೋಟಾಗಳ ಮಿತಿ ಎಲ್ಲವೂ ಅದರಲ್ಲಿ ದಾಖಲಾದವು. ಕಾಗದ ಸರಿಯಿದ್ದರೆ ಕೋವಿ ಆಸ್ತಿ. ಕಾಗದ ತಪ್ಪಿದರೆ ಅದೇ ಕೋವಿ ಅಪರಾಧ. ಈ ಎರಡರ ನಡುವೆ ಅಕ್ಷರ ಬಲ್ಲ, ನಿಯಮ ಬಲ್ಲ, ಮನೆಯನ್ನೂ ಬಲ್ಲ ಒಬ್ಬ ಮಧ್ಯವರ್ತಿ ಬೇಕಾಯಿತು. ಆ ಸ್ಥಾನವನ್ನು ತುಂಬಿದುದು ಪೇಟೆಯ ಪರವಾನಗಿ ಪಡೆದ ಬಂದೂಕು ಅಂಗಡಿ.

ಅಂಗಡಿಯ ಕೆಲಸಗಳು

ಇಂಥ ಅಂಗಡಿ ಸಾಮಾನ್ಯವಾಗಿ ಒಂದೇ ಮನೆಯವರು ನಡೆಸುವಂಥದು. ಒಡೆಯನೇ ಗುಮಾಸ್ತ, ಅವನೇ ಕುಶಲಕರ್ಮಿಯೂ ಆಗಿರುವುದುಂಟು. ಅಂಗಡಿಯ ಕೆಲಸಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಮಾರಾಟ. ಸ್ವತಂತ್ರ ಭಾರತದಲ್ಲಿ ಹನ್ನೆರಡು ಬೋರಿನ ಕೋವಿಗಳು ಪಶ್ಚಿಮ ಬಂಗಾಳದ ಇಶಾಪುರದ ಸರಕಾರಿ ಕಾರ್ಖಾನೆಯಿಂದಲೂ, ಬಿಹಾರದ ಮುಂಗೇರ್ ಮೊದಲಾದೆಡೆಯ ಪರವಾನಗಿ ಪಡೆದ ಖಾಸಗಿ ತಯಾರಕರಿಂದಲೂ ಬಂದವು. ತೋಟಾಗಳು ಪುಣೆಯ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯಿಂದ ಬಂದವು. ಅಂಗಡಿಯವನು ತೋಟಾ ಕೊಟ್ಟಾಗಲೆಲ್ಲ ಅದನ್ನು ಎರಡು ಕಡೆ ಬರೆಯಬೇಕು: ಗಿರಾಕಿಯ ಪರವಾನಗಿ ಪುಸ್ತಕದಲ್ಲಿ ಒಮ್ಮೆ, ತನ್ನ ದಫ್ತರದಲ್ಲಿ ಇನ್ನೊಮ್ಮೆ. ಅಧಿಕಾರಿಗಳು ತಪಾಸಣೆಗೆ ಬಂದಾಗ ಈ ಎರಡೂ ತಾಳೆಯಾಗಬೇಕು.

ಎರಡನೆಯದು ದುರಸ್ತಿ. ಕೋವಿಯು ದೀರ್ಘಾಯುಷಿ. ಮಳೆಗಾಲದ ಥಂಡಿಗೆ ನಳಿಗೆಯೊಳಗೆ ತುಕ್ಕು ಹಿಡಿಯುತ್ತದೆ, ಮರದ ಹಿಡಿ ಸೀಳುತ್ತದೆ, ಕುದುರೆ ಸಡಿಲಾಗುತ್ತದೆ. ಹಳೆಯ ಕೋವಿಗೆ ಬಿಡಿಭಾಗಗಳು ಸಿದ್ಧವಾಗಿ ಸಿಗುವುದಿಲ್ಲ. ಅರದಿಂದ ಉಜ್ಜಿ ಕೂಡಿಸಬೇಕು. ಒಂದು ಕೋವಿಯನ್ನು ಹಿಂದೆ ಬಿಚ್ಚಿ ಕಟ್ಟಿದವನಿಗೆ ಅದರ ದೋಷ ಗೊತ್ತಿರುತ್ತದೆ. ದುರ್ಬಲವಾದ ನಳಿಗೆ ಸಿಡಿದರೆ ಹಾರಿಸಿದವನ ಕೈ ಕಣ್ಣುಗಳೇ ಹೋದಾವು. ಆದುದರಿಂದ ‘ಇನ್ನು ಇದನ್ನು ಹಾರಿಸಬೇಡಿ’ ಎಂದು ಹೇಳಬಲ್ಲ ಕುಶಲಕರ್ಮಿಯ ಮಾತಿಗೆ ಮನೆತನವು ಬೆಲೆ ಕೊಡುವುದು ಸಹಜ.

ಮೂರನೆಯದು ಕಾಗದದ ತಿಳಿವಳಿಕೆ. ಪರವಾನಗಿಯ ಅವಧಿ ದೀರ್ಘಕಾಲ 3 ವರ್ಷವಿತ್ತು. 2019ರ ತಿದ್ದುಪಡಿಯಿಂದ ಅದು 5 ವರ್ಷವಾಯಿತು. ಅದೇ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. 1962ರ ನಿಯಮಗಳ ಸ್ಥಾನದಲ್ಲಿ 2016ರಲ್ಲಿ ಹೊಸ ನಿಯಮಗಳು ಬಂದವು. ಪರವಾನಗಿಗಳು ರಾಷ್ಟ್ರೀಯ ದತ್ತಾಂಶ ಕೋಶಕ್ಕೆ ಸೇರಿ ಪ್ರತಿಯೊಬ್ಬರಿಗೂ ವಿಶಿಷ್ಟ ಗುರುತಿನ ಸಂಖ್ಯೆ ಅಗತ್ಯವಾಯಿತು. ಈ ಬದಲಾವಣೆಗಳು ರಾಜಪತ್ರದಿಂದ ನೇರವಾಗಿ ಹಳ್ಳಿಯ ಮನೆಗೆ ಇಳಿದು ಬರುವುದಿಲ್ಲ. ತೋಟಾ ಕೊಳ್ಳಲು ಹೋದಾಗ ಅಂಗಡಿಯವನು ಪುಸ್ತಕ ತೆರೆದು ‘ಅವಧಿ ಮುಗಿಯುತ್ತ ಬಂತು, ಅರ್ಜಿ ಕೊಡಿ’ ಎಂದು ಹೇಳುವ ಮಾತಿನಿಂದಲೇ ಅದು ತಿಳಿಯುವುದು ಹೆಚ್ಚು.

ನಾಲ್ಕನೆಯದು ಠೇವಣಿ. ಲೇಖನದ ಮುಖ್ಯ ವಾದ ಇದನ್ನೇ ಅವಲಂಬಿಸಿರುವುದರಿಂದ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ.

ಒಡೆಯನಿಲ್ಲದ ಕೋವಿ

ಚಿಗಳ್ಳಿಯಂಥ ಊರಿನ ಒಂದು ಒಕ್ಕಲುಮನೆಯನ್ನು ಭಾವಿಸಿಕೊಳ್ಳೋಣ. ಪರವಾನಗಿ ಮನೆಯ ಯಜಮಾನನ ಹೆಸರಿನಲ್ಲಿದೆ. ಒಂದು ದಿನ ಅವನು ತೀರಿಕೊಳ್ಳುತ್ತಾನೆ. ಗದ್ದೆಯ ಖಾತೆ ಮಕ್ಕಳ ಹೆಸರಿಗೆ ಬದಲಾಗುವವರೆಗೂ ಉಳುಮೆಗೆ ಅಡ್ಡಿಯಿಲ್ಲ. ಕೋವಿಯ ವಿಷಯ ಹಾಗಲ್ಲ. ಪರವಾನಗಿ ವ್ಯಕ್ತಿಗೆ ಸೇರಿದುದು, ಮನೆಗೆ ಸೇರಿದುದಲ್ಲ. ಯಜಮಾನನ ಉಸಿರು ನಿಂತಾಗಲೇ ಮನೆಯ ಮೂಲೆಯಲ್ಲಿರುವ ಕೋವಿಗೆ ಕಾನೂನುಬದ್ಧ ಒಡೆಯನಿಲ್ಲದಂತಾಗುತ್ತದೆ. ಸೂತಕದ ಮನೆಯಲ್ಲಿ ಯಾರ ಗಮನವೂ ಇಲ್ಲದ ಹೊತ್ತಿನಲ್ಲಿ ಉಳಿದವರು ಅರಿವಿಲ್ಲದೆಯೇ ಅಪರಾಧದ ಅಂಚಿಗೆ ಬಂದು ನಿಲ್ಲುತ್ತಾರೆ.

ಇಂಥ ಸಂದರ್ಭಕ್ಕೆ ಶಸ್ತ್ರ ಕಾಯಿದೆಯ 21ನೆಯ ಪ್ರಕರಣವು ದಾರಿ ತೋರಿಸುತ್ತದೆ. ಯಾವುದೇ ಕಾರಣದಿಂದ ಆಯುಧವನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲದೆ ಹೋದರೆ ಅದನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಇಲ್ಲವೆ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕು. ಒಪ್ಪಿಸಿದವನು, ಅವನು ಸತ್ತಿದ್ದರೆ ಅವನ ಕಾನೂನುಬದ್ಧ ಪ್ರತಿನಿಧಿ, ಗೊತ್ತುಪಡಿಸಿದ ಅವಧಿಯೊಳಗೆ ಹಕ್ಕು ಪಡೆದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಅಥವಾ ಹಕ್ಕುಳ್ಳ ಇನ್ನೊಬ್ಬರಿಗೆ ಮಾರಿ ಹಣ ಪಡೆಯಬಹುದು. ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಅದು ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. ವಾರಸುದಾರನಿಗೆ ಪರವಾನಗಿ ದೊರೆಯುವ ಅವಕಾಶ ನಿಯಮಗಳಲ್ಲಿಯೇ ಇದೆ. 2016ರ ನಿಯಮಗಳ ಪ್ರಕಾರ ಒಡೆಯನಿಗೆ 70 ವರ್ಷ ತುಂಬಿದಾಗ ಅಥವಾ ಅವನು ಕೋವಿಯನ್ನು 25 ವರ್ಷ ಇಟ್ಟುಕೊಂಡಾಗ, ಅವನ ಜೀವಿತಕಾಲದಲ್ಲಿಯೇ ವಾರಸುದಾರನ ಹೆಸರಿಗೆ ಅದನ್ನು ವರ್ಗಾಯಿಸಲು ಕೋರಬಹುದು. ಆದರೆ ಅರ್ಜಿ, ಇತರ ವಾರಸುದಾರರ ಒಪ್ಪಿಗೆ, ಪೊಲೀಸ್ ವರದಿ ಎಲ್ಲವೂ ಮುಗಿಯಲು ಕಾಲ ಬೇಕು. ಮಗನಿಗೆ 21 ವರ್ಷ ತುಂಬದಿದ್ದರೆ ಅವನು ಪರವಾನಗಿಗೆ ಅರ್ಹನೇ ಅಲ್ಲ. ಅಣ್ಣತಮ್ಮಂದಿರಲ್ಲಿ ವ್ಯಾಜ್ಯವಿದ್ದರೆ ಒಪ್ಪಿಗೆಯೇ ಕೂಡಿ ಬರುವುದಿಲ್ಲ.

ಇಷ್ಟು ಕಾಲ ಕೋವಿ ಎಲ್ಲಿರಬೇಕು? ಠಾಣೆಯಲ್ಲಿಟ್ಟರೆ ಅದು ಅನೇಕ ಆಯುಧಗಳ ನಡುವೆ ಒಂದಾಗಿ, ಎಣ್ಣೆ ಕಾಣದೆ ಮೂಲೆ ಸೇರಬಹುದೆಂಬ ಅಳುಕು ಮನೆಯವರಿಗೆ. ಠಾಣೆಯ ಮೆಟ್ಟಿಲು ಹತ್ತುವುದೇ ಒಂದು ಮುಜುಗರವೆಂದು ಭಾವಿಸುವ ಹಳ್ಳಿಗರೂ ಉಂಟು. ಪರಿಚಯದ ಅಂಗಡಿಯಲ್ಲಿ ಇಟ್ಟರೆ ತಿಂಗಳ ಬಾಡಿಗೆ ತೆರಬೇಕಾದರೂ ಕೋವಿ ಬಟ್ಟೆ ಸುತ್ತಿಕೊಂಡು, ಚೀಟಿ ಕಟ್ಟಿಸಿಕೊಂಡು, ಕಪಾಟಿನಲ್ಲಿ ಇರುತ್ತದೆ. ಅವಧಿ ಮೀರುವ ಮೊದಲು ನೆನಪಿಸುವವರೂ ಇರುತ್ತಾರೆ. ತಂದೆಯ ಕೋವಿಯನ್ನು ಮಗ ಬಿಡಿಸಿಕೊಂಡು ತರುವ ದಿನದವರೆಗೆ ಅಂಗಡಿಯೇ ಆ ಮನೆತನದ ಹೊರಗಣ ಕೋಣೆಯಂತೆ ಕೆಲಸ ಮಾಡುತ್ತದೆ. ವ್ಯಾಪಾರವು ನಂಟಾಗಿ ಮಾರ್ಪಡುವ ಘಟ್ಟ ಇದು.

ಚುನಾವಣೆಯ ಕಾಲದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಮಾದರಿ ನೀತಿಸಂಹಿತೆ ಜಾರಿಯಾದೊಡನೆ ಪರವಾನಗಿದಾರರು ಕೋವಿಗಳನ್ನು ಠೇವಣಿ ಇಡುವಂತೆ ಆದೇಶ ಹೊರಡುತ್ತದೆ. ಎಲ್ಲರಿಂದಲೂ ಸಾರಾಸಗಟಾಗಿ ಕೇಳದೆ ಪರಿಶೀಲನಾ ಸಮಿತಿಯ ಮೂಲಕ ನಿರ್ಧರಿಸಬೇಕೆಂಬ ಮಾರ್ಗವು 2009ರ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ರೂಪುಗೊಂಡಿತು. ಆದರೂ ಬೆಳೆ ಕಾಯುವ ಕೋವಿ ವಾರಗಟ್ಟಲೆ ಕೈತಪ್ಪುವುದರ ಬಗ್ಗೆ ಮಲೆನಾಡಿನ ಕೃಷಿಕರ ಅಹವಾಲು ಚುನಾವಣೆಯಿಂದ ಚುನಾವಣೆಗೆ ಕೇಳಿಬರುತ್ತಲೇ ಇದೆ.

ನಿಷ್ಠೆಯೋ ಅನಿವಾರ್ಯವೋ

ಇಲ್ಲಿ ಒಂದು ಆಕ್ಷೇಪ ಸಾಧ್ಯ. ಸುತ್ತಮುತ್ತ ಅಂಗಡಿಗಳೇ ವಿರಳವಾದಾಗ, ಕಾನೂನು ಬೇರೆ ಮೂಲವನ್ನು ಒಪ್ಪದಿರುವಾಗ, ಅದೇ ಅಂಗಡಿಗೆ ಹೋಗುವುದನ್ನು ನಿಷ್ಠೆಯೆನ್ನಬಹುದೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸ್ಪರ್ಧೆಯಿಲ್ಲದೆಡೆ ಬೆಲೆಯ ಬಗ್ಗೆ ಚೌಕಾಶಿಗೆ ಎಡೆ ಕಡಿಮೆ. ಆದರೆ 21ನೆಯ ಪ್ರಕರಣವನ್ನು ಮತ್ತೊಮ್ಮೆ ನೋಡಿದರೆ ಉತ್ತರ ಸಿಗುತ್ತದೆ. ಕಾನೂನು ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ: ಒಂದು ಠಾಣೆ, ಇನ್ನೊಂದು ಅಂಗಡಿ. ಸಮೀಪದ ಠಾಣೆಯನ್ನು ಬಿಟ್ಟು ದೂರದ ಅಂಗಡಿಯನ್ನು, ಅದರಲ್ಲಿಯೂ ಇಂಥದೇ ಅಂಗಡಿಯನ್ನು ಆರಿಸುವುದು ಮನೆತನದ ತೀರ್ಮಾನ. ಮುಂಡಗೋಡ ಸೀಮೆಯ ದೊಡ್ಡ ಪೇಟೆ ವ್ಯವಹಾರ ಹಿಂದಿನಿಂದಲೂ ಒಂದೆಡೆ ಹುಬ್ಬಳ್ಳಿಯತ್ತ, ಇನ್ನೊಂದೆಡೆ ಶಿರಸಿಯತ್ತ ಹರಿದುದು. ಕೃಷಿಕನಿಗೆ ಆಯ್ಕೆಯೇ ಇರಲಿಲ್ಲವೆನ್ನಲಾಗದು. ಅನಿವಾರ್ಯದಿಂದ ಹುಟ್ಟಿದ ಸಂಬಂಧವು ಆಯ್ಕೆಯ ಸಂದರ್ಭದಲ್ಲಿಯೂ ಉಳಿದರೆ ಅದನ್ನು ನಿಷ್ಠೆಯೆಂದು ಕರೆಯುವುದು ತಪ್ಪಾಗಲಾರದು.

ಈ ನಿಷ್ಠೆಗೆ ಇನ್ನೊಂದು ಮುಖವೂ ಉಂಟು. ಮನೆತನವನ್ನು ಬಲ್ಲ ಅಂಗಡಿಯವನು ಕೇವಲ ಮಾರುವವನಲ್ಲ, ಕಾಯುವವನೂ ಹೌದು. ರೂಢಿಗಿಂತ ಬೇಗ ತೋಟಾ ಮುಗಿಸಿಕೊಂಡು ಬಂದವನನ್ನು ಕಾರಣ ಕೇಳುವ ಸಲಿಗೆ ಅವನಿಗಿರುತ್ತದೆ. ಪರವಾನಗಿಯಿಲ್ಲದ ನಾಡಕೋವಿಗಳು ಮಲೆನಾಡಿನಲ್ಲಿ ಕಳ್ಳಬೇಟೆಗೂ ಜೀವಹಾನಿಗೂ ಕಾರಣವಾಗುತ್ತ ಬಂದಿವೆ. ಆ ಕೋವಿಗೆ ಪುಸ್ತಕವಿಲ್ಲ, ಅದನ್ನು ಬಲ್ಲ ಅಂಗಡಿಯಿಲ್ಲ, ಯಾರೂ ಕಾರಣ ಕೇಳುವವರಿಲ್ಲ. ಪರವಾನಗಿಯ ಕೋವಿಗೂ ನಾಡಕೋವಿಗೂ ಇರುವ ಅಂತರವನ್ನು ಕಾಗದವೊಂದೇ ನಿರ್ಧರಿಸುವುದಿಲ್ಲ; ಈ ಪರಿಚಯವೂ ನಿರ್ಧರಿಸುತ್ತದೆ.

ಕೊಡಗಿನೊಡನೆ ಹೋಲಿಕೆ

ಕರ್ನಾಟಕದಲ್ಲಿ ಕೋವಿಯ ಮಾತು ಬಂದಾಗ ಕೊಡಗಿನ ನೆನಪಾಗುವುದು ಸಹಜ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಿದೆ. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಅಲ್ಲಿ ಕೋವಿಯ ಹಕ್ಕು ಕುಲ ಮತ್ತು ಭೂಮಿಯಿಂದ ಬರುತ್ತದೆ. ಉತ್ತರ ಕನ್ನಡದ ಕೃಷಿಕನಿಗೆ ಅಂಥ ಹಕ್ಕಿಲ್ಲ; ಅವನ ಕೋವಿ ಪ್ರತಿ ಅವಧಿಗೂ ಹೊಸದಾಗಿ ಸಮರ್ಥನೆಗೆ ಒಳಗಾಗಬೇಕು. ಕೊಡಗಿನಲ್ಲಿ ಸಂಪ್ರದಾಯವು ನಿರ್ವಹಿಸುವ ಮುಂದುವರಿಕೆಯ ಕೆಲಸವನ್ನು ಇಲ್ಲಿ ಅಂಗಡಿಯ ದಫ್ತರ ನಿರ್ವಹಿಸಿತೆಂದು ಹೇಳಬಹುದು.

ಕ್ಷೀಣಿಸುತ್ತಿರುವ ನಂಟು

ಈ ಅಂಗಡಿಗಳ ಆಧಾರಗಳು ಒಂದೊಂದಾಗಿ ಸಡಿಲಗೊಂಡಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರಲ್ಲಿ ಅದಕ್ಕಾದ ತಿದ್ದುಪಡಿಯೂ ಬೇಟೆಯನ್ನು ನಿಲ್ಲಿಸಿದವು. ವನ್ಯಸಂಪತ್ತಿನ ದೃಷ್ಟಿಯಿಂದ ಅದು ಅಗತ್ಯವಾಗಿದ್ದ ಕ್ರಮ. ತೋಟಾದ ವ್ಯಾಪಾರಕ್ಕೆ ಅದು ದೊಡ್ಡ ಇಳಿಮುಖ. ಅದೇ ಕಾಯಿದೆಯ 34ನೆಯ ಪ್ರಕರಣದಂತೆ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೆ ಅವರ ಪೂರ್ವಸಮ್ಮತಿ ಬೇಕು. ದಾಂಡೇಲಿ ಅಭಯಾರಣ್ಯ, 2015ರಿಂದ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶ, ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ ಇವೆಲ್ಲ ಇರುವ ಸೀಮೆಯಲ್ಲಿ ಈ ನಿಯಮದ ವ್ಯಾಪ್ತಿ ಸಣ್ಣದಲ್ಲ. ಮನೆಯ ಮಕ್ಕಳು ನಗರ ಸೇರಿದಾಗ ಮಾಳ ಕಾಯುವವರೂ ಕಡಿಮೆಯಾಗುತ್ತಾರೆ. ಸೌರಬೇಲಿ ಕೆಲವೆಡೆ ಕೋವಿಯ ಸದ್ದಿನ ಸ್ಥಾನಕ್ಕೆ ಬಂದಿದೆ.

ಅಂಗಡಿ ಮುಚ್ಚಿದಾಗ ಅಲ್ಲಿ ಠೇವಣಿಯಾಗಿದ್ದ ಕೋವಿಗಳಿಗೆ ಬೇರೆ ನೆಲೆ ಬೇಕಾಗುತ್ತದೆ. ವಾರಸುದಾರರು ಎಲ್ಲಿಯೋ ಇದ್ದು, ವಿಷಯವೇ ತಿಳಿಯದೆ, ಅವಧಿ ಮೀರುವ ಅಪಾಯ ಆಗ ಹೆಚ್ಚು. ಮನೆತನವೊಂದು ಮೂರು ತಲೆಮಾರು ಕಾಪಾಡಿದ ವಸ್ತುವು ಒಂದು ಪತ್ರ ತಲುಪದ ಕಾರಣಕ್ಕೆ ಮುಟ್ಟುಗೋಲಾಗಬಹುದು. ಇನ್ನೊಂದು ನಷ್ಟ ಸಂಶೋಧಕರಿಗೆ ಸಂಬಂಧಿಸಿದುದು. ಯಾವ ಊರಿನಲ್ಲಿ ಯಾರ ಮನೆಯಲ್ಲಿ ಯಾವ ಕೋವಿಯಿತ್ತು, ಯಾವ ವರ್ಷ ತೋಟಾ ಹೆಚ್ಚು ಖರ್ಚಾಯಿತು, ಯಾವಾಗ ಕೇಪಿನ ಕೋವಿಯಿಂದ ತೋಟಾ ಕೋವಿಗೆ ಮನೆಗಳು ಹೊರಳಿದವು, ಯಾವ ಸಮುದಾಯಗಳಿಗೆ ಪರವಾನಗಿ ದೊರೆಯಿತು, ಯಾವುವು ಹೊರಗುಳಿದವು ಎಂಬುದನ್ನು ವರ್ಷಾನುಕ್ರಮದಲ್ಲಿ ಹೇಳಬಲ್ಲ ಆಕರ ಅಂಗಡಿಯ ದಫ್ತರ. ಸಿದ್ದಿ, ಗೌಳಿ, ಕುಣಬಿ ಮೊದಲಾದ ಅರಣ್ಯಾಶ್ರಿತ ಸಮುದಾಯಗಳ ಬೆಳೆ, ಕಾವಲು ಹಾಗೂ ಕಾನೂನಿನ ಸಂಬಂಧಗಳ ಅಧ್ಯಯನಕ್ಕೆ ಅದು ಭೂದಾಖಲೆಯಷ್ಟೇ ಉಪಯುಕ್ತವಾಗಬಲ್ಲದು.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಘಟ್ಟದ ಮೇಲಣ ಸೀಮೆಯ ಮನೆತನಗಳು ಸಣ್ಣ ಬಂದೂಕು ಅಂಗಡಿಗೆ ತೋರಿದ ನಿಷ್ಠೆಯು ಆಯುಧದ ಮೋಹದಿಂದಲೋ ವ್ಯಾಪಾರಿಯ ನಯದಿಂದಲೋ ಹುಟ್ಟಿದುದಲ್ಲ. ಆಯುಧವನ್ನು ಸಂಶಯದಿಂದ ಕಾಣುವ ಪ್ರಭುತ್ವಕ್ಕೂ ಬೆಳೆ ಕಾಯಲು ಅದನ್ನು ಬೇಡುವ ಕೃಷಿಕನಿಗೂ ನಡುವೆ ಎರಡು ಕಡೆಯ ನಂಬಿಕೆಯನ್ನೂ ಹೊತ್ತು ನಿಂತ ಸಂಸ್ಥೆಯೊಂದರ ಮೇಲಿನ ವಿಶ್ವಾಸ ಅದು. ಯಜಮಾನ ತೀರಿಹೋದ ಮನೆಯ ಕೋವಿಯನ್ನು ಒಪ್ಪಿಸಿಕೊಂಡು ಅದರ ನಿಜವಾದ ಹಕ್ಕುದಾರ ಬರುವವರೆಗೆ ಕಾದಿಡುವುದರಲ್ಲಿ ಆ ವಿಶ್ವಾಸದ ಪರೀಕ್ಷೆ ನಡೆಯುತ್ತಿತ್ತು. ಇಂಥ ಅಂಗಡಿಗಳನ್ನು ಉಳಿಸುವುದು ವಿದ್ವತ್ ಸಂಸ್ಥೆಗಳ ಕೈಯಲ್ಲಿಲ್ಲ. ಆದರೆ ಮುಚ್ಚುವ ಅಂಗಡಿಗಳ ಹಳೆಯ ದಫ್ತರಗಳನ್ನು, ಕಾನೂನು ಒಪ್ಪುವ ಮಿತಿಯಲ್ಲಿ ಹಾಗೂ ಮನೆತನಗಳ ಗೌಪ್ಯತೆಗೆ ಧಕ್ಕೆಯಾಗದಂತೆ, ಪತ್ರಾಗಾರಗಳಿಗೆ ತರುವ ಪ್ರಯತ್ನವನ್ನು ಅವು ಕೈಗೊಳ್ಳಬಹುದು. ಅಂಗಡಿಯನ್ನು ನಡೆಸಿದ ಹಿರಿಯರ ಮತ್ತು ಕೋವಿ ಕಟ್ಟಿದ ಕುಶಲಕರ್ಮಿಗಳ ನೆನಪುಗಳನ್ನು ಅವರಿರುವಾಗಲೇ ದಾಖಲಿಸುವುದು ಅದಕ್ಕಿಂತ ಮೊದಲು ಆಗಬೇಕಾದ ಕಾರ್ಯ.